ಎಣ್ಣೆಮೈಯಲ್ಲಿ ಹೊಂಡಕ್ಕಿಳಿದ ಮಾಶಾಳಿ ಎಮ್ಮೆಯವರಿಗೆ

ಕೊಳಕೂರ, ಜೇವರ್ಗಿ ತಾಲ್ಲೂಕು
ಮಂಗಳವಾರ, ಜನವರಿ ೧೯೯೪

ಮಾನ್ಯರಾದ ಶ್ರೀಮತಿ ಮಾಶಾಳಿಯವರೇ,

ಶಾಲೆಯ ಬೇವಿನ ಮರದ ಕೆಳಗೆ ಈ ಸಂಜೆ ಕೂಡಿರುವ ಊರ ಹಿರಿಯರಿಗೆ, ಒಲೆಯ ಮೇಲಿನ ಕೆಲಸ ಬಿಟ್ಟು ಬಂದ ತಾಯಂದಿರಿಗೆ, ಬೆಂಚು ಸಾಲದೆ ಗೋಡೆ ಹತ್ತಿ ಕೂತ ವಿದ್ಯಾರ್ಥಿಗಳಿಗೆ ಶರಣು ಸಲ್ಲಿಸಿ, ಸಲಾಮು ಹೇಳಿ, ಅವರೆಲ್ಲರ ಸಾಕ್ಷಿಯಲ್ಲಿ ತಮಗೆ ಈ ಪತ್ರವನ್ನು ನಿವೇದಿಸುತ್ತಿದ್ದೇನೆ. ಇದನ್ನು ಅಂಚೆಗೆ ಹಾಕಬಹುದಿತ್ತು. ಆದರೆ ತಮ್ಮ ಯಜಮಾನರಾದ ಚಂದ್ರಾಮಪ್ಪನವರ ಕಟ್ಟೆಯ ಮೇಲಿದ್ದ ದಿನಪತ್ರಿಕೆಯನ್ನು ತಾವು ಓದದೆಯೇ ಅರಗಿಸಿಕೊಂಡ ಉದಾಹರಣೆ ಇರುವುದರಿಂದ, ಗಟ್ಟಿಯಾಗಿ ಓದಿ ಹೇಳುವುದೇ ಕ್ಷೇಮವೆಂದು ಹಿರಿಯರು ಸಲಹೆಯಿತ್ತರು. ಆ ಸಲಹೆಗೂ, ತಮ್ಮನ್ನು ಮುಂದಿನ ಸಾಲಿನಲ್ಲಿಯೇ ಕಟ್ಟಲು ಗೂಟ ಒದಗಿಸಿದ್ದಕ್ಕೂ ನಾನು ಅವರಿಗೆ ಋಣಿ. ನಮಗಾರಿಗೂ ಇನ್ನೂ ಚಹಾ ಬಂದಿಲ್ಲ. ತಮ್ಮ ಮುಂದೆ ಆಗಲೇ ಮೇವಿನ ಕಣಿಕೆ ಬಿದ್ದಿದೆ. ಈ ಸಭೆಯಲ್ಲಿ ತಮ್ಮ ಸ್ಥಾನ ಯಾವುದೆಂಬುದಕ್ಕೆ ಬೇರೆ ಪುರಾವೆ ಬೇಡ.

ನಾನು ಇದೇ ಶಾಲೆಯಲ್ಲಿ ವಿಜ್ಞಾನ ಹೇಳುವ ಶಾಂತಲಿಂಗಪ್ಪ. ದಿನಾಲು ಹೊಂಡದ ದಾರಿಯಲ್ಲಿ ತಾವು ಎದುರಾದಾಗ ಬೇಲಿಗೆ ಒತ್ತಿಕೊಂಡು ನಿಂತು ದಾರಿ ಬಿಡುವ ಕನ್ನಡಕದ ವ್ಯಕ್ತಿ ನಾನೇ ಎಂದರೆ ತಮಗೆ ಗುರುತು ಹತ್ತಬಹುದು. ಪಂಢರಪುರಿ ಜಾತಿಯವರಾದ ತಮ್ಮ ಕೊಂಬುಗಳು ಹೆಗಲು ದಾಟಿ ಹಿಂದಕ್ಕೆ ಚಾಚಿರುವುದರಿಂದ, ತಾವು ತಲೆಯಲ್ಲಾಡಿಸಿ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಮಾಡದಿದ್ದದ್ದಕ್ಕೆ ನಾನು ಯಾವತ್ತೂ ಕೃತಜ್ಞನಾಗಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ವಿದ್ಯೆಯ ಪರಿಚಯ ಮಾಡಿಸಬೇಕೆಂಬ ಆಸೆ ನನಗೆ ಹುಟ್ಟಿತು. ಅದರ ಹೆಸರು ನ್ಯಾನೊ ತಂತ್ರಜ್ಞಾನ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೊಮೀಟರ್ ಎನ್ನುತ್ತಾರೆ. ಈ ಅಳತೆಯಲ್ಲಿ ತಮ್ಮ ಎತ್ತರ ನೂರ ಮೂವತ್ತು ಕೋಟಿಯಾಗುತ್ತದೆ, ಅಂದರೆ ಇಡೀ ಭಾರತ ದೇಶದ ಜನಸಂಖ್ಯೆಗಿಂತ ತಾವೊಬ್ಬರೇ ಹೆಚ್ಚು. ಇಷ್ಟು ಸಣ್ಣ ಅಳತೆಯಲ್ಲಿ ಅಣುಗಳನ್ನು ಜೋಡಿಸಿ ವಸ್ತುಗಳನ್ನು ಕಟ್ಟುವ ಕಾಲ ಬರುತ್ತಿದೆ, ಅದು ಬಂದಾಗ ನೀವು ಬಾಗಿಲ ಹೊರಗೆ ನಿಂತಿರಬಾರದು ಎಂದು ನಾನು ಮಕ್ಕಳಿಗೆ ಹೇಳಿದೆ. ಅದಕ್ಕೆ ತಮ್ಮ ಯಜಮಾನರ ಮಗನೂ ತಮಗೆ ದಿನಾಲು ಮೇವು ಹಾಕುವವನೂ ಆದ ಗುರಣ್ಣ ಎದ್ದು ನಿಂತು, "ಸರ್, ಅಷ್ಟು ಸಣ್ಣದು ಮಾಡಿದ್ರ, ಮಾಡಿ ಎಲ್ಲಿ ಇಟ್ಟೇವಿ ಅಂತ ನೆನಪಿರತದೇನ್ರಿ?" ಎಂದು ಕೇಳಿದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಣದ್ದನ್ನು ಕಲಿಸುವುದು ಹೇಗೆ? ಅದನ್ನು ತೋರಿಸುವ ಯಂತ್ರ ಇರುವ ಊರಿನ ಹೆಸರನ್ನೇ ನಮಗೆ ಸರಿಯಾಗಿ ಉಚ್ಚರಿಸಲು ಬರುವುದಿಲ್ಲ.

ಆಗ ನೆನಪಾದದ್ದು ನಮ್ಮೆಲ್ಲರ ಮನೆಯ ಕುಸುಬಿ ಎಣ್ಣೆ. ನಿಂತ ನೀರಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟರೆ ಅದು ಹರಡುತ್ತ ಹರಡುತ್ತ ಹೋಗಿ, ಒಂದರ ಮೇಲೊಂದು ಅಣು ಇರದಂತೆ ಒಂದೇ ಪದರವಾಗಿ ನಿಲ್ಲುತ್ತದೆ. ಆ ಪದರದ ದಪ್ಪ ಎರಡು ನ್ಯಾನೊಮೀಟರಿನ ಆಸುಪಾಸು. ನೀರಿನ ಮೇಲೆ ಮೊದಲೇ ತೆಳುವಾಗಿ ಹಿಟ್ಟು ಉದುರಿಸಿದ್ದರೆ ಎಣ್ಣೆ ಆ ಹಿಟ್ಟನ್ನು ನೂಕಿಕೊಂಡು ಹೋಗಿ ದುಂಡನೆಯ ಬಯಲು ಮಾಡಿಕೊಳ್ಳುತ್ತದೆ. ಬಯಲಿನ ಅಗಲ ಅಳೆದು ಅದರ ವಿಸ್ತೀರ್ಣ ತೆಗೆದು, ಹನಿಯ ಗಾತ್ರವನ್ನು ಅದರಿಂದ ಭಾಗಿಸಿದರೆ ಒಂದು ಅಣುವಿನ ಎತ್ತರ ಕೈಗೆ ಸಿಗುತ್ತದೆ. ಒಂದೇ ಒಂದು ಚಮಚ ಎಣ್ಣೆ ಅರ್ಧ ಎಕರೆ ನೀರನ್ನು ಹೊದಿಸಬಲ್ಲದು. ನಮ್ಮ ಮಕ್ಕಳಿಗೆ ಬಿಡಿಸಲು ಬರುವ ಲೆಕ್ಕ, ನಮ್ಮ ಅಡಿಗೆಮನೆಯ ಎಣ್ಣೆ, ನಮ್ಮ ಊರಿನ ಹೊಂಡ. ಆ ರಾತ್ರಿ ನನಗೆ ಸಂತೋಷದಿಂದ ನಿದ್ದೆ ಬರಲಿಲ್ಲವೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಬರಲಿಲ್ಲ.

ಮೊದಲ ಪ್ರಯತ್ನ ಎರಡು ವಾರದ ಹಿಂದಿನ ಭಾನುವಾರ ನಡೆಯಿತು. ತಾವು ಅಂದು ಹೊಲದ ಕಡೆ ಹೋಗಿದ್ದಿರಿ. ಹತ್ತನೆಯ ತರಗತಿಯ ಗೌಸಿಯಾಬೇಗಂ, ಅಂದರೆ ನನ್ನ ಪಾಠದಲ್ಲಿ ತಪ್ಪು ಸಿಕ್ಕರೆ ನನಗಿಂತ ಹೆಚ್ಚು ಸಂತೋಷಪಡುವ ಹುಡುಗಿ, ತನ್ನ ಅಜ್ಜಿ ಹುಸೇನಬೀಯವರಿಂದ ಜೋಳದ ಹಿಟ್ಟನ್ನು ಸೀರೆಯ ಬಟ್ಟೆಯಲ್ಲಿ ಸೋಸಿಸಿಕೊಂಡು ಬಂದಿದ್ದಳು. ಮೊಮ್ಮಗಳ ಹಿಂದೆಯೇ ಬಂದ ಅಜ್ಜಿ ಹೊಂಡದ ಮೆಟ್ಟಿಲ ಮೇಲೆ ಕೂತು, "ಏನ್ ಮಾಸ್ತರ್, ಹೊಂಡಕ್ಕ ರೊಟ್ಟಿ ಬಡಿಯಾಕತ್ತೀರೇನು? ಬಡೀರಿ ಬಡೀರಿ, ಬೇಯಸಾಕ ಮಾತ್ರ ನನಗ ಕರೀಬ್ಯಾಡ್ರಿ" ಎಂದು ಛೇಡಿಸಿದರು. ಗುರಣ್ಣ ಹಿಟ್ಟು ಉದುರಿಸಿದ, ಗೌಸಿಯಾ ಸೂಜಿಯ ತುದಿಯಿಂದ ಹನಿ ಬಿಟ್ಟಳು, ಹಿಟ್ಟು ಬೆದರಿದ ಕುರಿಹಿಂಡಿನಂತೆ ನಾಲ್ಕೂ ಕಡೆ ಓಡಿತು, ನಡುವೆ ಕನ್ನಡಿಯಂಥ ಬಯಲು ತೆರೆಯಿತು. ಅಜ್ಜಿ ಎದ್ದು ನಿಂತು ನೋಡಿದರು. "ಇದ್ರಾಗ ಏನೋ ಅದ ಬಿಡ್ರಿ" ಎಂದರು. ನನ್ನ ಇಡೀ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿಪತ್ರ ಅದು.

ಈ ಉತ್ಸಾಹದಲ್ಲಿಯೇ ನಾವು ತಾಲ್ಲೂಕಿನ ವಿಜ್ಞಾನ ಪರಿವೀಕ್ಷಕರನ್ನು ಆಮಂತ್ರಿಸಿದೆವು. ಗುಲಬರ್ಗಾದಲ್ಲಿ ನಡೆಯುವ ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಜೇವರ್ಗಿ ತಾಲ್ಲೂಕಿನಿಂದ ಒಂದೇ ಪ್ರಯೋಗ ಹೋಗಬೇಕು; ಯಾವುದು ಹೋಗಬೇಕೆಂದು ಅವರೇ ನೋಡಿ ನಿರ್ಧರಿಸಬೇಕು. ಗೌಸಿಯಾ ಮತ್ತು ಗುರಣ್ಣ ಇಬ್ಬರೂ ಈ ತಾಲ್ಲೂಕು ದಾಟಿದವರಲ್ಲ. ತಾವಾದರೋ ಅಫಜಲಪುರದ ಸಂತೆಯನ್ನು ಕಂಡವರು, ಮಾಶಾಳದಲ್ಲಿ ಹುಟ್ಟಿ ಆ ಊರಿನ ಹೆಸರನ್ನೇ ಬಿರುದಾಗಿ ಹೊತ್ತು ಇಲ್ಲಿಗೆ ಬಂದವರು, ಲೋಕಾನುಭವದಲ್ಲಿ ನನ್ನ ವಿದ್ಯಾರ್ಥಿಗಳಿಗಿಂತ ಎಷ್ಟೋ ಮುಂದಿರುವವರು. ಆ ಮಕ್ಕಳ ಆತುರ ತಮಗೆ ಅರ್ಥವಾಗಬೇಕಿತ್ತು.

ಕಳೆದ ಬುಧವಾರ ಪರಿವೀಕ್ಷಕರು ಅಂದೋಲಾದ ಶಾಲೆ ಮುಗಿಸಿಕೊಂಡು ನಮ್ಮಲ್ಲಿಗೆ ಬಂದರು. ಊರೆಲ್ಲ ಹೊಂಡದ ಸುತ್ತ ಸೇರಿತು. ಹಿಟ್ಟು ಬಿತ್ತು, ಗೌಸಿಯಾ ಉಸಿರು ಹಿಡಿದು ಹನಿ ಬಿಟ್ಟಳು. ಹನಿ ಹರಡಲಿಲ್ಲ. ಬಿದ್ದಲ್ಲೇ ದುಂಡಗೆ, ಕುಂಕುಮದ ಬೊಟ್ಟಿನಂತೆ, ಯಾರ ಮಾತಿಗೂ ಜಗ್ಗದೆ ಕೂತಿತು. ಎರಡನೆಯ ಹನಿ ಅದರ ಪಕ್ಕದಲ್ಲಿ ಕೂತಿತು. ಚಮಚದಿಂದಲೇ ಸುರಿದೆವು, ಚಮಚದಷ್ಟೂ ಕೂತಿತು. ಹಿಟ್ಟು ಕದಲಲಿಲ್ಲ. ಗೌಸಿಯಾ ಸೂಜಿಯನ್ನು ಒರೆಸಿ ಒರೆಸಿ ಮತ್ತೆ ಎಣ್ಣೆಯಲ್ಲಿ ಅದ್ದುತ್ತಲೇ ಇದ್ದಳು. ಪರಿವೀಕ್ಷಕರು ಸಜ್ಜನರು; ನಮ್ಮ ಮುಖ ನೋಡಲಾರದೆ ನೀರಿನ ಮುಖ ನೋಡುತ್ತ, "ಮಾಸ್ತರ್ರ, ಒಂದು ಮಾತ್ರ ಖರೇ, ನಿಮ್ಮ ಹೊಂಡ ಭಾಳ ಶಾಂತ ಅದ ನೋಡ್ರಿ" ಎಂದರು. ಅನಂತರ ತಮ್ಮ ವರದಿಯಲ್ಲಿ "ಪ್ರಯೋಗ ಫಲಿಸಲಿಲ್ಲ" ಎಂದು ಬರೆದು ಜೀಪು ಹತ್ತಿದರು.

ಮರುದಿನ ತರಗತಿಯಲ್ಲಿ ನಾನು ಗಾಳಿ, ತೇವಾಂಶ, ಹಿಟ್ಟಿನ ದಪ್ಪ ಮುಂತಾದ ನಿರಪರಾಧಿಗಳ ಮೇಲೆಲ್ಲ ದೋಷ ಹೊರಿಸುತ್ತಿದ್ದೆ. ಗೌಸಿಯಾ ಕೈಯೆತ್ತಿದಳು. "ಸರ್, ನಿನ್ನಿ ಗಾಳಿ ಜೋರಿತ್ತಲ್ರಿ. ನನ್ನ ಓಢಣಿ ನಿಲ್ಲಲಾರದಂಗ ಹಾರಾಕತ್ತಿತ್ತು. ಹೊಂಡದಾಗ ಮಾತ್ರ ಒಂದು ತೆರಿ ಇರ್ಲಿಲ್ಲ. ಯಾಕ್ರಿ?"

ಮಾನ್ಯರೇ, ಒಬ್ಬ ಶಿಕ್ಷಕನ ಆಯುಷ್ಯದಲ್ಲಿ ಇಂಥ 'ಯಾಕ್ರಿ' ಒಂದೋ ಎರಡೋ ಬರುತ್ತವೆ. ಎಣ್ಣೆಯ ಪದರ ಹರಡಿದ ನೀರಿನ ಮೇಲೆ ಗಾಳಿಗೆ ಹಿಡಿತ ಸಿಗುವುದಿಲ್ಲ, ಸಣ್ಣ ತೆರೆಗಳು ಏಳುವುದಿಲ್ಲ. ಹೊಂಡ ಶಾಂತವಾಗಿದ್ದದ್ದು ಪರಿವೀಕ್ಷಕರ ಮೇಲಿನ ಗೌರವದಿಂದಲ್ಲ. ನಮಗಿಂತ ಮೊದಲೇ ಯಾರೋ ಅದಕ್ಕೆ ಎಣ್ಣೆ ಹೊದಿಸಿ ಹೋಗಿದ್ದರು. ಜಾಗ ಮೊದಲೇ ತುಂಬಿದ್ದರಿಂದ ನಮ್ಮ ಹನಿಗೆ ಕಾಲು ಚಾಚಲು ಎಡೆಯೇ ಸಿಕ್ಕಿರಲಿಲ್ಲ. ಯಾರು ಹೊದಿಸಿದರು ಎಂದು ನಾನು ತರಗತಿಯನ್ನು ಕೇಳಿದೆ. ಗುರಣ್ಣ ನಿಧಾನವಾಗಿ ಎದ್ದ.

"ಸರ್, ನಿನ್ನಿ ಮುಂಜಾನೆ ಮಾಶಾಳಿ ಮೈ ಬೋಳಿಸಿ ಎಣ್ಣಿ ತಿಕ್ಕಿದ್ವಿ ರೀ. ಸಾಹೇಬ್ರು ಬರ್ತಾರ ಅಂತ ಅಪ್ಪ ಹೇಳಿದ್ದ. ಒಂದು ದೊಡ್ಡ ಬಟ್ಟಲ ಎಣ್ಣಿ ರೀ."

"ಆಮ್ಯಾಲ?"

"ಆಮ್ಯಾಲ ಅದರಷ್ಟಕ್ಕ ಅದು ಹೊಂಡಕ್ಕ ಹೋತ್ರಿ."

"ನೀ ಯಾಕ ಹೇಳಲಿಲ್ಲೋ?"

"ನೀವು ಹನಿ ಬಗ್ಗೆ ಹೇಳಿದ್ರಿ ಸರ್. ಎಮ್ಮಿ ಬಗ್ಗೆ ಏನೂ ಹೇಳಿರ್ಲಿಲ್ಲ."

ಅವನ ಮಾತು ನಿಜ. ನನ್ನ ಪಾಠದಲ್ಲಿ ತಮ್ಮ ಉಲ್ಲೇಖವಿರಲಿಲ್ಲ, ಅದು ನನ್ನ ಪಾಠದ ಕೊರತೆ. ಚಂದ್ರಾಮಪ್ಪನವರ ಮನೆತನದಲ್ಲಿ ದೊಡ್ಡವರು ಊರಿಗೆ ಬರುವ ದಿನ ಬಾಗಿಲ ಎಮ್ಮೆಯ ಮೈ ಬೋಳಿಸಿ, ಎಣ್ಣೆ ತಿಕ್ಕಿ, ಕೊಂಬಿಗೆ ಗೊಂಡೆ ಕಟ್ಟುವುದು ಅಜ್ಜನ ಕಾಲದಿಂದ ಬಂದ ಮರ್ಯಾದೆ. ಹೀಗೆ ನಮ್ಮ ಪ್ರಯೋಗವನ್ನು ಕೆಡಿಸಿದ್ದು ಹಗೆಯಲ್ಲ, ಉಡಾಫೆಯಲ್ಲ, ಆತಿಥ್ಯ. ಆ ಸಂಜೆಯೇ ಮಕ್ಕಳು ಅಗಲ ತಟ್ಟೆಯಂಥ ಎರಡು ಪರಾತಗಳಲ್ಲಿ ಬಾವಿಯ ನೀರು ತುಂಬಿದರು. ಗುರಣ್ಣ ತಮ್ಮ ಬೆನ್ನಿಗೆ ಬೆರಳು ಸವರಿ ಬಂದು ಒಂದು ಪರಾತದಲ್ಲಿ ಅದ್ದಿದ. ಎರಡಕ್ಕೂ ಹಿಟ್ಟು ಉದುರಿಸಿ ಹನಿ ಬಿಟ್ಟರು. ಒಂದರಲ್ಲಿ ಹಿಟ್ಟು ಓಡಿತು, ಬೆರಳು ಅದ್ದಿದ್ದರಲ್ಲಿ ನಿಂತಿತು. ಗೌಸಿಯಾ, ಗುರಣ್ಣ ಇಬ್ಬರೂ ಪರಾತದ ಸುತ್ತ ಕುಣಿದರು. ಒಂದು ಪರಾತ ಮಗುಚಿ ನನ್ನ ಧೋತರ ಒದ್ದೆಯಾಯಿತು. ನನಗೂ ಕುಣಿಯಬೇಕೆನಿಸಿತ್ತು, ಹುದ್ದೆ ಅಡ್ಡ ಬಂತು.

ಆದ್ದರಿಂದ ದೂರು ಕೊಡಲೆಂದು ಹಿಡಿದ ಲೇಖನಿ ಈಗ ಅಭಿನಂದನೆಗೆ ತಿರುಗುತ್ತಿರುವುದನ್ನು ತಾವು ಕ್ಷಮಿಸಬೇಕು. ಯಾವ ಸುತ್ತೋಲೆಗೂ ಕಾಯದೆ, ಯಾವ ತರಬೇತಿ ಶಿಬಿರಕ್ಕೂ ಹೋಗದೆ, ಕೇವಲ ಇಳಿದು ಮಲಗುವ ಮೂಲಕ, ಇಡೀ ಹೊಂಡದ ಮೇಲೆ ಒಂದೇ ಅಣುವಿನ ದಪ್ಪದ ಹೊದಿಕೆಯನ್ನು ಸಿದ್ಧಪಡಿಸಿದ ಈ ಸೀಮೆಯ ಪ್ರಥಮ ನ್ಯಾನೊ ತಂತ್ರಜ್ಞರು ತಾವು. ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ಬಿಳಿ ಅಂಗಿ ತೊಟ್ಟವರು ಉಸಿರು ಬಿಗಿಹಿಡಿದು ಮಾಡುವ ಕೆಲಸವನ್ನು ತಾವು ಮೆಲುಕು ಹಾಕುತ್ತ ಮಾಡಿದಿರಿ, ಮೇಲಾಗಿ ಬಾಲವನ್ನೂ ಅಲ್ಲಾಡಿಸಿದಿರಿ. ಒಂದೇ ಕೊರಗೆಂದರೆ ತಾವು ತಮ್ಮ ಶೋಧನೆಯನ್ನು ಪರಿವೀಕ್ಷಕರಿಗೆ ವಿವರಿಸಲಿಲ್ಲ. ಒಂದು ಸಾರಿ ಹೂಂಕರಿಸಿದ್ದರೂ ನಾನು ಉಳಿದದ್ದನ್ನು ಅನುವಾದಿಸುತ್ತಿದ್ದೆ.

ಈಗ ನಾಳಿನ ಮಾತು. ನಾನು ಜೇವರ್ಗಿಗೆ ಹೋಗಿ ಪರಿವೀಕ್ಷಕರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು "ಎಮ್ಮಿ ಕೆಡಸ್ತು ಅಂತ ನಾ ವರದಿ ಬರೀಲಿಕ್ಕೆ ಬರ್ತದೇನ್ರಿ? ಬುಧವಾರ ಮತ್ತೊಮ್ಮೆ ಬರ್ತೇನಿ. ಆದ್ರ ಅದೇ ಕಡೀದು" ಎಂದರು. ನಾಳೆ ಹಿಟ್ಟು ಓಡಿದರೆ ಗೌಸಿಯಾ ಮತ್ತು ಗುರಣ್ಣ ಶುಕ್ರವಾರ ಗುಲಬರ್ಗಾಕ್ಕೆ ಹೋಗುತ್ತಾರೆ. ಓಡದಿದ್ದರೆ ಆ ಅವಕಾಶ ಬೇರೊಂದು ಶಾಲೆಗೆ ಹೋಗುತ್ತದೆ, ಮತ್ತು ಸಣ್ಣದರ ವಿದ್ಯೆ ದೊಡ್ಡ ಊರಿನವರದ್ದು ಎಂದು ನನ್ನ ಮಕ್ಕಳು ತಿಳಿದುಕೊಂಡುಬಿಡುತ್ತಾರೆ. ಎರಡನೆಯದು ನನಗೆ ಹೆಚ್ಚು ಭಯದ ವಿಷಯ.

ಆದಕಾರಣ ತಾವು ನಾಳೆಯ ಮಟ್ಟಿಗೆ ತಮ್ಮ ಎತ್ತರವನ್ನು ಎರಡು ನ್ಯಾನೊಮೀಟರಿಗೆ ಇಳಿಸಿಕೊಳ್ಳಬೇಕೆಂದು ಪ್ರಾರ್ಥನೆ. ಹಾಗಾದಲ್ಲಿ ಹೊಂಡದಲ್ಲಿ ಎಷ್ಟು ಹೊತ್ತು ಮಲಗಿದರೂ ನಮ್ಮ ಅಡ್ಡಿಯಿಲ್ಲ. ಅದು ಕಷ್ಟವೆನಿಸಿದರೆ, ನೀರಿಗಿಳಿಯುವ ಮುನ್ನ ಮೈಮೇಲಿನ ಎಣ್ಣೆಯ ಅಣುಗಳನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ, ತಾವು ಹಿಂದಿರುಗುವವರೆಗೆ ಅಲ್ಲಿಯೇ ಇರುವಂತೆ ತಿಳಿಹೇಳಬಹುದು. ಅವು ಕೇಳದಿದ್ದಲ್ಲಿ ನೀರಿಗೆ ತಾಗದಂತೆ ಅದರ ಮೇಲೆ ಮೊಳದೆತ್ತರ ತೇಲಾಡುವುದನ್ನು ತಾವು ಪರಿಶೀಲಿಸಬಹುದು. ಇವುಗಳಲ್ಲಿ ಯಾವುದೂ ಆಗದೆಂದರೆ ಕೊನೆಯದಾಗಿ ಒಂದು ಸಾಧಾರಣ ಉಪಾಯವಿತ್ತು, ನಾಳೆ ತಮಗೆ ಎಣ್ಣೆ ತಿಕ್ಕದಿರುವುದು. ಅದನ್ನು ಹೇಳಿದ್ದಕ್ಕೆ ಚಂದ್ರಾಮಪ್ಪನವರು ಕಟ್ಟೆಯಿಂದ ಇಳಿದು ಬಂದು, "ಸಾಹೇಬ್ರು ಬರೋ ದಿನ ನಮ್ಮ ಎಮ್ಮಿ ಒಣಮೈಲೆ ನಿಂದ್ರಬೇಕೇನ್ರಿ ಮಾಸ್ತರ್? ಚಂದ್ರಾಮನ ಮನಿಯಾಗ ಎಣ್ಣಿ ತೀರೇದ ಅಂತ ಊರ ತುಂಬ ಆಡಕೋಬೇಕೇನು?" ಎಂದರು. ಹಾಗಾದರೆ ಕಟ್ಟಿಹಾಕಿ ಎಂದೆ. "ಕಟ್ಟತೇನಿ. ಗೂಟ ಕಿತಕೊಂಡು ಹೋದ್ರ ನೀವ ಹಿಡೀರಿ" ಎಂದು ನನ್ನ ತೋಳನ್ನು ಒಮ್ಮೆ, ತಮ್ಮ ಕುತ್ತಿಗೆಯನ್ನು ಒಮ್ಮೆ ನೋಡಿದರು.

ಈ ಇಕ್ಕಟ್ಟಿಗೆ ದಾರಿ ತೋರಿಸಿದ್ದು ಗೌಸಿಯಾ. "ಕಾಕಾ, ಮಾಶಾಳಿಗಿ ಎಣ್ಣಿ ಹಚ್ಚರಿ, ಗೊಂಡೇನೂ ಕಟ್ಟರಿ. ಆದ್ರ ಮೊದಲ ನಮ್ಮ ಹನಿ ಬೀಳಲಿ. ಅದು ಓಡೋದನ್ನ ಸಾಹೇಬ್ರು ನೋಡಿದ ಮ್ಯಾಲ ಮಾಶಾಳಿನ ಎಲ್ಲಾರ ಮುಂದ ಇಳಸ್ರಿ. ಆಮ್ಯಾಲ ಇನ್ನೊಂದು ಹನಿ ಬಿಡ್ತೀವಿ, ಅದು ಓಡಂಗಿಲ್ಲ. ಆಗ ಎರಡೂ ಖರೇ ಆಗತಾವ" ಎಂದಳು. ಎಮ್ಮೆಯ ಮೆರವಣಿಗೆಯನ್ನು ಪ್ರಯೋಗದ ಎರಡನೆಯ ಭಾಗವಾಗಿ ಅಧಿಕಾರಿಗಳೇ ನೋಡುತ್ತಾರೆಂದು ಕೇಳಿದ ಮೇಲೆ ಚಂದ್ರಾಮಪ್ಪನವರು ಮೀಸೆ ತಿರುವಿಕೊಂಡು, "ಹಂಗಂದ್ರ ಘಂಟಿನೂ ಕಟ್ಟಬೇಕಾಗತದ" ಎಂದರು. ಕಟ್ಟಲಿ. ತಮ್ಮಿಂದ ನಾವು ಬೇಡುವುದು ಇಷ್ಟೇ: ನಾಳೆ ಮೊದಲ ಹನಿ ಬೀಳುವ ತನಕ ತಡೆಯಿರಿ. ಅನಂತರ ಇಡೀ ಹೊಂಡ ತಮ್ಮದು.

ಕೊರಳ ಘಂಟೆಗೂ ಕೇಳಿಸುವಷ್ಟು ಗಟ್ಟಿಯಾಗಿ ಇದನ್ನು ಓದಿ ಮುಗಿಸಿದ, ತಾವು ನಂಬಿದರೂ ನಂಬದಿದ್ದರೂ

ತಮ್ಮ ವಿಶ್ವಾಸಿ,
ಶಾಂತಲಿಂಗಪ್ಪ
ವಿಜ್ಞಾನ ಶಿಕ್ಷಕ

ತಾಜಾಕಲಂ (ಬುಧವಾರ ಮಧ್ಯಾಹ್ನ, ಹೊಂಡದ ಮೆಟ್ಟಿಲ ಮೇಲೆ ಕೂತು ಬರೆದು, ಮಕ್ಕಳ ಮುಂದೆ ಅಲ್ಲಿಯೇ ಓದಿದ್ದು): ಮೊದಲ ಹನಿ ಬೀಳುವವರೆಗೆ ತಾವು ತೋರಿದ ಸಂಯಮಕ್ಕೆ ವಂದನೆಗಳು. ಹಿಟ್ಟು ಓಡಿತು, ಪರಿವೀಕ್ಷಕರೂ ಮೆಟ್ಟಿಲ ಮೇಲೆ ಅದರ ಜೊತೆಗೆ ಎರಡು ಹೆಜ್ಜೆ ಓಡಿದರು. ಆದರೆ ಎರಡನೆಯ ಭಾಗಕ್ಕೆಂದು ಗೊಂಡೆ, ಘಂಟೆ, ಎಣ್ಣೆಯ ಹೊಳಪು ಸಮೇತ ತಮ್ಮನ್ನು ಕರೆತಂದಾಗ, ಜೀವಮಾನದಲ್ಲಿ ಒಂದು ದಿನವೂ ಹೊಂಡ ಬಿಡದ ತಾವು ನೀರಿಗಿಳಿಯಲು ಒಲ್ಲೆನೆಂದು ಕಲ್ಲಿನಂತೆ ನಿಂತದ್ದು ಯಾವ ನ್ಯಾಯ? ಚಂದ್ರಾಮಪ್ಪನವರು ಹಗ್ಗ ಜಗ್ಗಿದರು, ಗುರಣ್ಣ ಪುಸಲಾಯಿಸಿದ, ಕೊನೆಗೆ ಪರಿವೀಕ್ಷಕರೇ ಅಂಗಿಯ ತೋಳು ಮಡಚಿ, ಎರಡೂ ಅಂಗೈ ತಮ್ಮ ಬೆನ್ನಿಗೊತ್ತಿ ನೂಕಿದರು. ತಾವು ಕದಲಲಿಲ್ಲ. ಸೋತ ಪರಿವೀಕ್ಷಕರು ಕೆಳಗಿಳಿದು ಹೊಂಡದಲ್ಲಿ ಕೈ ತೊಳೆದುಕೊಂಡರು. ಗೌಸಿಯಾ ಯಾರನ್ನೂ ಕೇಳದೆ ಅಲ್ಲಿಯೇ ಹಿಟ್ಟು ಉದುರಿಸಿ ಹನಿ ಬಿಟ್ಟಳು. ಹನಿ ಬಿದ್ದಲ್ಲೇ ಕೂತಿತು. ಪರಿವೀಕ್ಷಕರು ಹನಿಯನ್ನು ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ಅಂದ್ರ ಇದನ್ನ ನಾ ಮಾಡಿದ್ನೇನವಾ?" ಎಂದು ಕೇಳಿದರು. "ಹೌದ್ರಿ ಸರ್" ಎಂದಳು ಗೌಸಿಯಾ. ಅವರು ಆ ಒದ್ದೆ ಕೈಯಲ್ಲಿಯೇ ವರದಿಗೆ ಸಹಿ ಹಾಕಿದರು. ಮಕ್ಕಳು ಹೋಗುತ್ತಾರೆ.

ತಮಗೊಂದು ಸಂಗತಿ ತಿಳಿಸದೆ ಇರಲಾರೆ. ಪ್ರದರ್ಶನದಲ್ಲಿ ತಮ್ಮ ಬೆನ್ನು ಇರುವುದಿಲ್ಲವಲ್ಲ, ಎರಡನೆಯ ಭಾಗ ಹೇಗೆ ತೋರಿಸುವುದೆಂದು ನಾನು ಚಿಂತಿಸುತ್ತಿದ್ದಾಗ ಗೌಸಿಯಾ, "ಗುಲಬರ್ಗಾದಾಗ ತಲಿಗಿ ಎಣ್ಣಿ ಹಚಗೊಂಡ ದೊಡ್ಡೋರಿಗಿ ಏನ್ ಬರಾ ಅದೇನ್ರಿ ಸರ್? ಒಬ್ಬೊಬ್ಬರಿಗಿ ಕೂದಲಿಗಿ ಬೆರಳ ಮುಟ್ಟಿಸಿ ಪರಾತದಾಗ ಅದ್ದರಿ ಅಂತೀವಿ" ಎಂದಳು. ಹೀಗಾಗಿ, ಮಾನ್ಯರೇ, ತಮ್ಮ ಸೇವೆ ಇನ್ನು ಅವಶ್ಯವಿಲ್ಲ. ತಾವು ಮಾಡುವುದನ್ನು ಮಾಡಲು ಜಿಲ್ಲಾ ಕೇಂದ್ರದಲ್ಲಿ ಸಾಕಷ್ಟು ಗಣ್ಯರಿದ್ದಾರೆ. ಪರಾತಗಳು ಬಿಸಿಲಿಗೆ ಒಣಗುತ್ತಿವೆ, ಹುಸೇನಬೀಯವರು ಹಿಟ್ಟಿನ ಬಟ್ಟೆ ಹಿಡಿದು ಕಾಯುತ್ತಿದ್ದಾರೆ. ಗುರಣ್ಣ, ಬಾವಿಗೆ ಕೊಡ ಇಳಿಸು. ಗೌಸಿಯಾ, ಸೂಜಿ ತೆಗೆದುಕೋ. ಉಳಿದವರು ಸುತ್ತ ನಿಲ್ಲದೆ ಒಂದೊಂದು ಪರಾತ ಹಿಡಿಯಿರಿ, ಶುಕ್ರವಾರದೊಳಗೆ ಪ್ರತಿಯೊಬ್ಬರೂ ಒಂದು ಅಣುವನ್ನಾದರೂ ಅಳೆಯಬೇಕು, ಶುರು ಮಾಡೋಣ.